ಹೌದಪ್ಪನ ತೀರ್ಪು

ಅವನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಆ ಹೆಸರು ಹಿಡಿದು ಕರೆಯುತ್ತಿದ್ದವರು ಮತದಾರರ ಪಟ್ಟಿ ತಿದ್ದಲು ಬರುವ ಗುಮಾಸ್ತರು ಮಾತ್ರ. ಉಳಿದ ಲೋಕಕ್ಕೆಲ್ಲ ಅವನು ಹೌದಪ್ಪ. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ವಾಚನಾಲಯಕ್ಕೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಕ್ಷೌರದಂಗಡಿ ಅವನದು. ಒಂದು ಕುರ್ಚಿ, ಎರಡು ಕನ್ನಡಿ, ಮೂರು ಜನ ಕೂರುವ ಬೆಂಚು, ಬೆಂಚಿನ ಮೇಲೆ ಯಾವಾಗ ನೋಡಿದರೂ ಐದು ಜನ. ತಲೆಯಲ್ಲಿ ಒಂದೆಳೆ ಕೂದಲಿಲ್ಲದವರೂ ಅಲ್ಲಿಗೆ ಬಂದು ಕೂರುತ್ತಿದ್ದರು. ಯಾಕೆಂದರೆ ನೀವು ಏನೇ ಹೇಳಿ, ಅವನು ಹೌದು ಅನ್ನುತ್ತಿದ್ದ.

ಇದು ಅವನಿಗೆ ಕಸುಬು ಕಲಿಸಿದ ಪಾಠ. ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಕತ್ತಿಯನ್ನು ಕೈಗಿಡುವಾಗ ಅಪ್ಪ ಹೇಳಿದ್ದ: "ಕತ್ತಿ ಕೈಯಲ್ಲಿರೋವಾಗ ಯಾರ ಹತ್ರಾನೂ ವಾದ ಮಾಡಬೇಡ. ನೀನು ಇಲ್ಲ ಅಂದ್ರೆ ಗಿರಾಕಿ ತಲೆ ತಿರುಗಿಸ್ತಾನೆ. ತಿರುಗಿಸಿದ್ರೆ ಕಿವಿ ನಿನ್ನ ಕೈಗೆ ಬರುತ್ತೆ." ಮಗ ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದನೆಂದರೆ ಕೈಯಲ್ಲಿ ಕತ್ತಿ ಇಲ್ಲದಿರುವಾಗಲೂ ಪಾಲಿಸಿದ. ಒಮ್ಮೆ ಸ್ಟೇಷನ್ ಬೀದಿಯ ಫುಟ್ಬಾಲ್ ತಂಡ ಗೋಲು ಕಾಯಲು ಬಾ ಎಂದಿತು, ಹೌದು ಎಂದ. ಎದುರು ಬೀದಿಯವರೂ ಅದೇ ಪಂದ್ಯಕ್ಕೆ ಕರೆದರು, ಅವರಿಗೂ ಹೌದು ಎಂದ. ಮೊದಲರ್ಧ ಇವರ ಕಡೆ ನಿಂತ. ವಿರಾಮದ ಮೇಲೆ ತಂಡಗಳು ಬದಿ ಬದಲಿಸಿದವು, ಇವನು ನಿಂತಲ್ಲೇ ನಿಂತಿದ್ದ. ಎರಡೂ ಕಡೆಯವರಿಗೆ ನಾಲ್ಕು ನಾಲ್ಕು ಗೋಲು ಬಿಟ್ಟುಕೊಟ್ಟು, ಎರಡೂ ಕಡೆಯವರ ಹೆಗಲ ಮೇಲೆ ಮನೆಗೆ ಬಂದ.

ಮನೆಯಲ್ಲೂ ಇದೇ ಪಾಡು. "ರೀ, ಸಾರಿಗೆ ಉಪ್ಪು ಜಾಸ್ತಿ ಆಯ್ತಾ?" ಎಂದು ಹೆಂಡತಿ ಕೇಳಿದರೆ ಹೌದು. "ಕಡಿಮೆ ಆಯ್ತಾ?" ಎಂದರೂ ಹೌದು. "ನಾನು ಯಾರನ್ನ ಕಟ್ಕೊಂಡೆ, ಗಂಡನನ್ನೋ ಗೋಡೆನೋ?" ಎಂದು ಆಕೆ ಹಣೆ ಚಚ್ಚಿಕೊಂಡರೆ ಅದಕ್ಕೂ ಹೌದು. ಆಕೆ ನಕ್ಕುಬಿಡುತ್ತಿದ್ದಳು. ನಗದೆ ಇನ್ನೇನು ಮಾಡಿಯಾಳು? ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಸಲವಾದರೂ ನೆಟ್ಟಗೆ ಜಗಳವಾಡುವ ಸುಖ ಆಕೆಗೆ ಸಿಕ್ಕಿರಲಿಲ್ಲ.

ಅವನ ಬಾಳಿನಲ್ಲಿ ಹೆಂಡತಿ, ಮಗಳು ಬಿಟ್ಟರೆ ಮುಖ್ಯವಾದ ವ್ಯಕ್ತಿ ಎಂದರೆ ಬೀಗರು. ಮಗಳನ್ನು ಕೊಟ್ಟು ಬೀಗರಾದದ್ದು ಎಂಟು ವರ್ಷದ ಹಿಂದೆ. ನಂಟು ಅದಕ್ಕಿಂತ ಮೂವತ್ತು ವರ್ಷ ಹಳೆಯದು. ಹದಿನಾಲ್ಕರ ಪೋರ ಕತ್ತಿ ಹಿಡಿದು ನಿಂತಾಗ, ಬೆಂಚಿನ ಮೇಲಿದ್ದವರೆಲ್ಲ ಹಠಾತ್ತನೆ ಕೆಲಸ ನೆನಪಿಸಿಕೊಂಡು ಎದ್ದು ಹೋಗಿದ್ದರು. ಎದ್ದು ಹೋಗದೆ ಕುರ್ಚಿಗೆ ಬಂದು ಕೂತು, "ಗಡ್ಡ ಹೆರೆಯಪ್ಪಾ, ಸಾಯೋ ಕಡೆಯಿಂದ ಬಂದಿದೀನಿ, ನಿನಗೇನು ಹೆದರೋದು?" ಎಂದು ಗಂಟಲು ಮುಂದೊಡ್ಡಿದವರು ಅವರೊಬ್ಬರೇ. ಆಗ ಅವರು ಯುದ್ಧದಿಂದ ಮರಳಿ ಬಂದ ಯುವಕ, ಮೂಗಿನ ಕೆಳಗೆ ಪೊರಕೆಯಷ್ಟು ದಪ್ಪ ಮೀಸೆ. ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಮೊದಲ ಗಡ್ಡ ಅವರದು. ಸಮಾಧಾನದಲ್ಲಿದ್ದಾಗ ಇವನನ್ನು "ಬೀಗರೇ, ನೀವು" ಅನ್ನುತ್ತಿದ್ದರು. ಸಿಟ್ಟು ಬಂದರೆ ಹಳೆಯ ಏಕವಚನಕ್ಕೆ ಇಳಿಯುತ್ತಿದ್ದರು. ಹೌದಪ್ಪನಿಗೆ ಎರಡೂ ಇಷ್ಟ.

ಜಗಳ ಹುಟ್ಟಿದ್ದು ಪಕ್ಕದ ವಾಚನಾಲಯದಲ್ಲಿ. ಆ ಯುದ್ಧದ ಕೊನೆಯಲ್ಲಿ ಸಮುದ್ರದಾಚೆಯ ಊರೊಂದರ ಮೇಲೆ ಅಣುಬಾಂಬು ಬಿದ್ದ ದಿನ ಅದು, ವರ್ಷ ವರ್ಷ ಬರುವಂತೆ ಬಂದಿತ್ತು; ಪತ್ರಿಕೆಯಲ್ಲಿ ಅರ್ಧ ಪುಟದ ಚಿತ್ರ. ಮೇಜಿನ ಈ ಕಡೆ ಬೀಗರು, ಆ ಕಡೆ ಭೂಗೋಳ ಕಲಿಸಿ ನಿವೃತ್ತರಾದ ಟೀಚರಮ್ಮ. ಒಬ್ಬರು "ಹಾಕಿದ್ದೇ ಸರಿ" ಎಂದರು, ಇನ್ನೊಬ್ಬರು "ಮಹಾಪಾಪ" ಎಂದರು. ಇಬ್ಬರೂ ಪತ್ರಿಕೆ ಬಿಡಲಿಲ್ಲ. ಕೊನೆಗೆ ಪತ್ರಿಕೆಯೇ ಬಿಟ್ಟಿತು, ಪರ್ರನೆ. ಟೀಚರಮ್ಮನ ಕೈಗೆ ಚಿತ್ರ ಬಂತು, ಬೀಗರ ಕೈಗೆ ಆಟದ ಪುಟ.

ವಾಚನಾಲಯದ ಕಾರ್ಯದರ್ಶಿಗೆ ಹಾಲು ಕುಡಿದಷ್ಟು ಖುಷಿ. ವರ್ಷಕ್ಕೊಂದು ಭಾನುವಾರ ಅವರು ಅಣಕು ನ್ಯಾಯಾಲಯ ನಡೆಸುತ್ತಿದ್ದರು, ಈ ಸಲಕ್ಕೆ ಮೊಕದ್ದಮೆ ಸಿಕ್ಕಿರಲಿಲ್ಲ. ಹೋದ ವರ್ಷ 'ಗೊರಕೆ ಅಪರಾಧವೇ' ಎಂಬುದಕ್ಕೆ ಬೇಕರಿಯಾಕೆ ನ್ಯಾಯಾಧೀಶೆಯಾಗಿದ್ದಳು. ಹಿಟ್ಟು ರಾತ್ರಿಯಿಡೀ ಉಬ್ಬಿದರೂ ಸದ್ದು ಮಾಡುವುದಿಲ್ಲ, ಮನುಷ್ಯನಿಗೇನು ರೋಗ, ಅಪರಾಧವೇ ಸೈ ಎಂದು ತೀರ್ಪು ಕೊಟ್ಟಿದ್ದಳು. ಅಲ್ಲಿನ ಕಾನೂನು ಎರಡೇ. ತೀರ್ಪು ಸರಿ ಅಥವಾ ತಪ್ಪು ಎಂದಿರಬೇಕು, ನಡುವೆ ನೇತಾಡಬಾರದು. ಕಾರಣವನ್ನು ನ್ಯಾಯಾಧೀಶರು ತಮ್ಮ ಕಸುಬಿನಿಂದಲೇ ಕೊಡಬೇಕು. ಇನ್ನು ನ್ಯಾಯಾಧೀಶರಾಗುವವರ ಮೇಲೆ ಎರಡೂ ಪಕ್ಷದವರಿಗೆ ಮುನಿಸಿರಬಾರದು. ಬೀಗರ ಬಾಯಿಗೂ ಟೀಚರಮ್ಮನ ನಾಲಿಗೆಗೂ ಇಡೀ ಬೀದಿಯಲ್ಲಿ ಸಿಕ್ಕದೆ ಉಳಿದವನು ಒಬ್ಬನೇ. ಕಾರ್ಯದರ್ಶಿ ಬಂದು ಕೇಳಿದರು. ಅವನು ಏನೆಂದ ಅಂತ ಬೇರೆ ಹೇಳಬೇಕೇ?

ಆ ವಾರ ಅಂಗಡಿಯಲ್ಲಿ ಕೂದಲಿಗಿಂತ ಮಾತು ಹೆಚ್ಚು ಉದುರಿತು. ಟೀಚರಮ್ಮ ಗಂಡಸರ ಅಂಗಡಿಯೊಳಗೆ ಕಾಲಿಡುವವರಲ್ಲ. ಹೊಸ್ತಿಲಾಚೆ ನಿಂತು, ಕೊಡೆಯಿಂದ ಗಾಳಿಯಲ್ಲಿ ನಕ್ಷೆ ಬರೆಯುತ್ತ ಪಾಠ ಮಾಡಿದರು. "ನೋಡಪ್ಪಾ, ಇಲ್ಲಿ ನದಿ. ಇಲ್ಲಿ ಸೇತುವೆ. ಇಲ್ಲಿ ಶಾಲೆ, ಇಲ್ಲಿ ಆಸ್ಪತ್ರೆ. ಬೆಳಿಗ್ಗೆ ಎಂಟು ಗಂಟೆ ದಾಟಿತ್ತು. ಸೈನಿಕ ಸೈನಿಕನನ್ನ ಕೊಲ್ಲೋದು ಯುದ್ಧ. ಮಗ್ಗಿ ಹೇಳೋ ಮಕ್ಕಳನ್ನ ಕೊಲ್ಲೋದಕ್ಕೆ ಏನಂತಾರೆ? ಅದೂ ಆ ದೇಶ ಆಗಲೇ ಸೋತು ಸುಣ್ಣವಾಗಿದ್ದಾಗ?"

"ಹೌದು ಟೀಚರ್, ಹೌದು."

ಅವರು ಹೋದರೆ ಬೀಗರು. "ಬೀಗರೇ, ನಾನು ಹಡಗಿನಲ್ಲಿದ್ದೆ. ಇಪ್ಪತ್ತು ವರ್ಷ ನನಗೆ. ಅವರ ದಡಕ್ಕೆ ಇಳಿಯೋ ಮೊದಲನೇ ಸಾಲಿನಲ್ಲಿ ನನ್ನ ಹೆಸರು. ಮೊದಲನೇ ಸಾಲಿನೋರು ತಿರುಗಿ ಬರಲ್ಲ ಅಂತ ಅಡುಗೆಯವನಿಗೂ ಗೊತ್ತಿತ್ತು, ಊಟಕ್ಕೆ ಎರಡು ತುಂಡು ಜಾಸ್ತಿ ಹಾಕ್ತಿದ್ದ. ಆ ಬಾಂಬು ಬೀಳದಿದ್ರೆ ನಾನಿಲ್ಲ. ನಾನಿಲ್ದಿದ್ರೆ ನನ್ನ ಮಗ ಇಲ್ಲ. ನಿಮ್ಮ ಅಳಿಯ ಇಲ್ದೆ ನಿಮ್ಮ ಮೊಮ್ಮಗಳು ಎಲ್ಲಿಂದ ಬರ್ತಿದ್ಲು, ಗಡ್ಡದ ಸೋಪಿನಿಂದಲಾ?"

"ಹೌದು ಬೀಗರೇ, ಹೌದು."

ಹೌದು ಎಂದೇನೋ ಎಂದ. ಆದರೆ ಮೊದಲ ಸಲ, ಎಂದ ಮೇಲೂ ಆ ಮಾತು ಅವನನ್ನು ಬಿಡಲಿಲ್ಲ. ಮೊಮ್ಮಗಳಿಗೆ ಆರು ವರ್ಷ, ಬೀಗರದೇ ಕಿವಿ, ಇವನದೇ ಮೂಗು. ಅವಳು ಇಲ್ಲದ ಲೋಕವನ್ನು ಊಹಿಸಿಕೊಳ್ಳಲು ಹೋಗಿ ಅವನು ಗಿರಾಕಿಯ ಒಂದೇ ಕೆನ್ನೆಗೆ ಎರಡು ಸಲ ಸೋಪು ಹಚ್ಚಿದ. ಕೊಡೆಯ ತುದಿಯ ಶಾಲೆಯನ್ನು ಊಹಿಸಿಕೊಂಡಾಗಲೂ ಹಾಗೇ ಆಯಿತು. ಹೆಂಡತಿ ಬೇರೆ ಎಚ್ಚರಿಸಿದಳು: "ನೀವು ತಪ್ಪು ಅಂದ್ರೆ ಅದು ಬಾಂಬಿಗೆ ತಾಗಲ್ಲ ರೀ, ಬೀಗರಿಗೆ ತಾಗುತ್ತೆ. ನೀನು ಬದುಕಿದ್ದೇ ತಪ್ಪು ಅಂದ ಹಾಗೆ ಕೇಳುತ್ತೆ ಅವರಿಗೆ. ಆಮೇಲೆ ಅವರು ನಿಮ್ಮ ಮೆಟ್ಟಿಲು ತುಳಿದ್ರೆ ಕೇಳಿ." ಅದೇ ಅವನ ಭಯವೂ ಆಗಿತ್ತು. ಬೀಗರು ಬಾರದ ಏಳು ಗಂಟೆ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ.

ಶನಿವಾರ ಬೆಳಿಗ್ಗೆ ಬೀಗರು ಕುರ್ಚಿಯಲ್ಲಿ ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದ್ದರು. ಮುಖದ ತುಂಬ ನೊರೆ. ಕತ್ತಿ ಮೀಸೆಯ ಅಂಚನ್ನು ನೇರ ಮಾಡುತ್ತಿತ್ತು. ಬೀಗರಿಗೆ ವಾದದ ಹೊಸ ಎಳೆ ಹೊಳೆದಿತ್ತು. "ಪಾಪದ ಜನ ಪಾಪದ ಜನ ಅಂತಾಳಲ್ಲ ಟೀಚರಮ್ಮ, ಯಾರು ಪಾಪದೋರು? ಊರಿಗೆ ಊರೇ ಯುದ್ಧಕ್ಕೆ ದುಡೀತಿತ್ತು. ಬಟ್ಟೆ ಹೊಲಿಯೋನು ಸೈನಿಕನಿಗೆ ಹೊಲೀತಿದ್ದ. ರೊಟ್ಟಿ ಸುಡೋನು ಸೈನಿಕನಿಗೆ ಸುಡ್ತಿದ್ದ. ಅಷ್ಟೇ ಯಾಕೆ, ಕ್ಷೌರದೋನೂ ಸೈನಿಕನ ಗಡ್ಡಾನೇ ಹೆರೀತಿದ್ದ."

"ಕ್ಷೌರದೋನೂನಾ?" ಎಂದ ಹೌದಪ್ಪ.

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಎದುರು ಪ್ರಶ್ನೆ ಕೇಳಿದ್ದ. ಬೀಗರು ಬೆಚ್ಚಿ ತಲೆ ತಿರುಗಿಸಿದರು. ಅಪ್ಪ ಹೇಳಿದಂತೆ ಕಿವಿಯೇನೂ ಹೋಗಲಿಲ್ಲ. ಬಲಗಡೆಯ ಅರ್ಧ ಮೀಸೆ ಹೋಯಿತು. ಅದು ಬಿಳಿ ಬಟ್ಟೆಯ ಮೇಲೆ ಕಂಬಳಿಹುಳದ ಹಾಗೆ ಬಿದ್ದುಕೊಂಡಿತ್ತು. ಬೆಂಚಿನ ಐವರೂ ಉಸಿರು ಬಿಗಿಹಿಡಿದರು. ಆಮೇಲೆ ಒಬ್ಬ ಫುಸ್ಸೆಂದ, ಇನ್ನೊಬ್ಬ ಕಿಸಕ್ಕೆಂದ, ಮೂರನೆಯವನು ಬೆಂಚಿನಿಂದಲೇ ಜಾರಿದ. ಬೀಗರು ಕನ್ನಡಿಯಲ್ಲಿ ನೋಡಿಕೊಂಡರು. ಎಡಗಡೆ ಯೋಧ, ಬಲಗಡೆ ಯಾರೋ ಪರಿಚಯವಿಲ್ಲದ ಹುಡುಗ. "ಉಳಿದಿದ್ದನ್ನೂ ತೆಗೆಯಯ್ಯಾ" ಎಂದರು, ಏಕವಚನದಲ್ಲಿ. ಪಟಿಕದ ತುಂಡನ್ನು ತುಟಿಗೆ ಒತ್ತಿಸಿಕೊಂಡು ಎದ್ದು ಹೋದರು. ಮನೆಯಲ್ಲಿ ಮೊಮ್ಮಗಳು ಬಾಗಿಲು ತೆರೆದು, "ತಾತ ಮನೇಲಿಲ್ಲ" ಎಂದು ಮತ್ತೆ ಮುಚ್ಚಿದಳಂತೆ.

ಭಾನುವಾರ ಮಧ್ಯಾಹ್ನ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಪಾಟಿನ ಮೇಲೂ ಜನ, ಕಿಟಕಿಯಲ್ಲೂ ಜನ. ನ್ಯಾಯಾಧೀಶರಿಗೆಂದು ನೆಲ ಒರೆಸುವ ಕೋಲಿನ ದಾರದಿಂದ ಮಾಡಿದ ಬಿಳಿ ಕೂದಲ ಟೋಪನ್ನು ನೋಡಿ ಹೌದಪ್ಪನಿಗೆ ತಡೆಯಲಾಗಲಿಲ್ಲ. "ಇದನ್ನ ಯಾರು ಕತ್ತರಿಸಿದ್ದು, ಮೇಕೇನಾ?" ಎಂದು ಜೇಬಿನಿಂದ ಕತ್ತರಿ ತೆಗೆದು, ಹಿಂದೆ ಸಣ್ಣಗೆ, ಮುಂದೆ ಬೈತಲೆ ಬರುವಂತೆ ತಿದ್ದಿ, ಊದಿ, ತಲೆಗಿಟ್ಟುಕೊಂಡ. ಜನ ಸಿಳ್ಳೆ ಹೊಡೆದರು. ಮೀಸೆಯಿಲ್ಲದ ಬೀಗರು ಒಳಗೆ ಬಂದಾಗ ಬಾಗಿಲಲ್ಲಿದ್ದವನು "ಹೊಸಬರು ಹಿಂದೆ ನಿಂತ್ಕೊಳ್ಳಿ" ಎಂದ. ನಗೆಯ ಅಲೆಗೆ ದೀಪದ ಗಾಜು ಅದುರಿತು.

ಬೀಗರು ಚೆನ್ನಾಗಿಯೇ ವಾದಿಸಿದರು. ಟೀಚರಮ್ಮ ಇನ್ನೂ ಚೆನ್ನಾಗಿ ವಾದಿಸಿದರು, ಕೊಡೆಯಿಂದ ಕಾರ್ಯದರ್ಶಿಯ ಕನ್ನಡಕ ಹಾರಿಸಿದ್ದೊಂದು ಬಿಟ್ಟರೆ. ಪ್ರತಿ ಮಾತಿಗೂ ನ್ಯಾಯಾಧೀಶರು ಹೌದು ಹೌದು ಎಂದು ತಲೆಯಾಡಿಸಿದ್ದರಿಂದ ಎರಡೂ ಪಕ್ಷದವರು ತಾವೇ ಗೆದ್ದೆವೆಂದು ಕೂತರು. ಕಾರ್ಯದರ್ಶಿ ಗಂಟೆ ಬಾರಿಸಿದರು. ಹೌದಪ್ಪ ಎದ್ದು ನಿಂತ. ಅವನ ಕೈಗಳು ಏನನ್ನಾದರೂ ಹಿಡಿದುಕೊಳ್ಳಲು ಹುಡುಕುತ್ತಿದ್ದವು.

"ಟೀಚರಮ್ಮ ಎಂಟು ಗಂಟೆ ದಾಟಿತ್ತು ಅಂದ್ರು," ಎಂದು ಶುರುಮಾಡಿದ. "ಬೆಳಿಗ್ಗೆ ಎಂಟು ಅಂದ್ರೆ ನಮ್ಮ ಕಸುಬಿನಲ್ಲಿ ಉಸಿರಾಡೋಕೂ ಪುರುಸೊತ್ತಿರಲ್ಲ. ಆ ಊರಲ್ಲೂ ಒಂದು ಅಂಗಡಿ ಇರುತ್ತಲ್ಲ? ಯುದ್ಧ ನಡೀತಿದೆ ಅಂತ ಗಡ್ಡ ಬೆಳೆಯೋದು ನಿಲ್ಲಿಸುತ್ತಾ?"

ಜನ ನಕ್ಕರು. ಅವನೂ ನಕ್ಕ.

"ಬೆಂಚಿನ ಮೇಲೆ ಐದು ಜನ. ಒಬ್ಬ ಹರಟೆ ಹೊಡೀತಿದಾನೆ. ಒಬ್ಬನಿಗೆ ಕೂದಲೇ ಇಲ್ಲ, ಸುಮ್ನೆ ಬಂದಿದಾನೆ. ಕುರ್ಚಿಯಲ್ಲಿ ಒಬ್ಬ ಕಣ್ಣು ಮುಚ್ಚಿ ಕೂತಿದಾನೆ. ಅರ್ಧ ಮುಖ ಆಗಿದೆ, ಇನ್ನರ್ಧ ನೊರೆ ಇದೆ. ಅವನು ಸೈನಿಕನೇ ಇರ್ಲಿ, ಯಾರೇ ಇರ್ಲಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ಬಟ್ಟೆ ಕಟ್ಟಿಸ್ಕೊಂಡು ಕುತ್ತಿಗೆ ಕೊಟ್ಟು ಕೂತೋನು ಎಷ್ಟೇ ಆಗದವನಾದ್ರೂ ಅವನ ಕುತ್ತಿಗೆಗೆ ನಾವು ಜವಾಬ್ದಾರಿ. ನನಗೆ ಆಗದವರೂ ನನ್ನ ಕುರ್ಚಿಯಲ್ಲಿ ಕೂತು ಎದ್ದು ಹೋಗಿದಾರೆ, ಒಂದು ಗೀರೂ ಇಲ್ದೆ. ಆ ಊರಿಗೆ ಊರೇ ಅವತ್ತು ಬೆಳಿಗ್ಗೆ ಕುತ್ತಿಗೆ ಕೊಟ್ಟು ಕೂತಿತ್ತು. ಮೇಲಿಂದ ಹಾಕಿದೋರಿಗೆ ಅದು ಗೊತ್ತಿತ್ತು. ಅದಕ್ಕೇ ತಪ್ಪು. ಬಾಂಬು ಹಾಕಿದ್ದು ತಪ್ಪು."

ನಗುತ್ತಿದ್ದವರು ನಗು ನಿಲ್ಲಿಸುವುದನ್ನೇ ಮರೆತು ಬಾಯಿ ತೆರೆದುಕೊಂಡಿದ್ದರು. ಹೌದಪ್ಪ ಒಂದು ಕಡೆ ನಿಂತದ್ದನ್ನು ಅವರು ನೋಡಿರಲೇ ಇಲ್ಲ.

ಬೀಗರು ಎದ್ದರು. "ಹಾಗಾದ್ರೆ ನಾನು ಸಾಯಬೇಕಿತ್ತೇನಯ್ಯಾ?"

"ಹೌದು" ಎಂದ ಹೌದಪ್ಪ.

ಅದು ಅವನು ಹೇಳಿದ್ದಲ್ಲ, ಮೂವತ್ತೆಂಟು ವರ್ಷ ಪಳಗಿದ ನಾಲಿಗೆ ಹೇಳಿದ್ದು. ಬೀಗರು ಏನು ಕೇಳಿದರೂ ಬರುತ್ತಿದ್ದ ಮಾತೇ ಈಗಲೂ ಬಂದಿತ್ತು. ಅದು ಹಲ್ಲು ದಾಟಿದ ಮೇಲೆ ಅವನಿಗೆ ಅರ್ಥವಾಯಿತು. ಕಿಟಕಿಯಲ್ಲಿದ್ದವನೊಬ್ಬ ತಮಾಷೆಯೆಂದುಕೊಂಡು ಹೋ ಎಂದ, ಮತ್ತೆ ಕೆಲವರು ಹೋ ಎಂದರು. ಬೀಗರು ಬಾಗಿಲ ಕಡೆ ನಡೆದರು. ಜನ ದಾರಿ ಬಿಟ್ಟರು.

ಹೌದಪ್ಪ ಮೇಜು ಹಾರಿದ. ಟೋಪು ಸಮೇತ ಬೀದಿಗೆ ಓಡಿದ. "ಇಲ್ಲ! ಬೀಗರೇ, ಇಲ್ಲ! ಇಲ್ಲ!" ಬೀದಿಯ ನಾಯಿ ಕೂಡ ತಿರುಗಿ ನೋಡಿತು. ಔಷಧಿ ಅಂಗಡಿಯ ಮೆಟ್ಟಿಲ ಹತ್ತಿರ ತೋಳು ಹಿಡಿದು ನಿಲ್ಲಿಸಿದ.

"ಏನು ಇಲ್ಲ?" ಎಂದರು ಬೀಗರು. "ಬಾಂಬು ತಪ್ಪಲ್ಲ ಅಂತೀಯಾ ಈಗ?"

"ಇಲ್ಲ. ತಪ್ಪೇ."

"ನಾನು ಸಾಯಬೇಕಿತ್ತು ಅಂತೀಯಾ?"

"ಇಲ್ಲ. ನೀವಿಲ್ದೆ ನಾನೇನು ಮಾಡಲಿ? ಅವತ್ತು ಯಾರೂ ಕೂರದಿದ್ದಾಗ ನೀವೊಬ್ರೇ ನನ್ನ ಕುರ್ಚಿಗೆ ಬಂದಿದ್ದು."

"ಎರಡಕ್ಕೂ ಇಲ್ಲ ಅಂದ್ರೆ ಹೇಗಯ್ಯಾ? ಒಂದು ಇಲ್ದೆ ಇನ್ನೊಂದಿಲ್ಲ."

"ಗೊತ್ತಿಲ್ಲ ಬೀಗರೇ. ನನಗೆ ಅಷ್ಟು ಬುದ್ಧಿ ಇಲ್ಲ. ನೀವು ಬದುಕಿದ್ದು ನನಗೆ ಸಂತೋಷ. ಅವರು ಸತ್ತಿದ್ದು ತಪ್ಪು. ಎರಡನ್ನೂ ಬಿಡೋಕಾಗ್ತಿಲ್ಲ."

ಬೀಗರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಇಲ್ಲದ ಮೀಸೆಯನ್ನು ತಿರುವಲು ಹೋಗಿ ಕೈ ಕೆಳಗಿಟ್ಟರು. ಆಮೇಲೆ ಇದುವರೆಗೆ ಯಾರಿಗೂ ಹೇಳದಿದ್ದನ್ನು ಹೇಳಿದರು.

"ಹಡಗಿನಲ್ಲಿ ರೇಡಿಯೋ ಹಾಕಿದ್ರು. ಬಾಂಬು ಬಿತ್ತು, ಯುದ್ಧ ಮುಗೀತು ಅನ್ನೋ ಹಾಗೆ ಮಾತಾಡಿದ್ರು. ನಾನು ಕುಣಿದೆ ಕಣೋ. ಅಡುಗೆಯವನನ್ನ ತಬ್ಕೊಂಡು ಕುಣಿದೆ. ತಪ್ಪಲೆ ಬಡಿದ್ರು, ಟೋಪಿ ಸಮುದ್ರಕ್ಕೆ ಎಸೆದ್ರು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿಲ್ಲ, ಮಗ ಹುಟ್ಟಿದಾಗಲೂ ಆಗಿಲ್ಲ. ಬೂಟಿನ ಅಟ್ಟೆ ಕಿತ್ತು ಹೋಗೋವರೆಗೂ ಕುಣಿದೆ."

"ಗೊತ್ತಿಲ್ದೆ ಕುಣಿದ್ರಿ ಬೀಗರೇ."

"ಗೊತ್ತಿತ್ತು. ರೇಡಿಯೋದೋನು ಊರು ಅಂದಿದ್ದ. ಒಂದಿಡೀ ಊರು ಹೋಯ್ತು ಅಂದಿದ್ದ. ನನಗೆ ಕೇಳಿಸ್ತು. ಕೇಳಿಸಿದ ಮೇಲೂ ಕುಣಿದೆ." ಅವರು ತಲೆಯೆತ್ತಿದರು. "ಬಾಂಬು ಸರಿ ಅಂತ ನಾನು ಹೇಳದೆ ಹೋದ್ರೆ, ಆ ಕುಣಿತ ಏನು ಹೇಳು?"

ಹೌದಪ್ಪ ಹೌದನ್ನೂ ಇಲ್ಲವನ್ನೂ ಬದಿಗಿಟ್ಟ. ಅವನು ಬೀಗರ ಎರಡೂ ಕೈ ಹಿಡಿದು ಎಬ್ಬಿಸಿದ. "ಹೇಗೆ ಕುಣಿದ್ರಿ, ತೋರಿಸಿ" ಎಂದ.

"ನಿನಗೇನು ಹುಚ್ಚಾ?"

"ಒಬ್ರೇ ಇಟ್ಕೊಂಡಿದ್ದೀರಲ್ಲ ಇಷ್ಟು ವರ್ಷ. ನನಗೂ ತೋರಿಸಿ."

ಬೀಗರು ಒಂದು ಕಾಲು ಎತ್ತಿದರು. ಇಟ್ಟರು. ಇನ್ನೊಂದು ಎತ್ತಿದರು. ಅರವತ್ಮೂರರ ಮಂಡಿ ಲಟಕ್ಕೆಂದಿತು. ಆಮೇಲೆ ಕಾಲಿಗೆ ತಾನಾಗಿ ನೆನಪು ಬಂತು, ಹಿಮ್ಮಡಿ ಕುಟ್ಟಿ, ಸುತ್ತು ತಿರುಗಿ, ಮತ್ತೆ ಹಿಮ್ಮಡಿ ಕುಟ್ಟಿ. ಹೌದಪ್ಪ ದಾರದ ಟೋಪು ಹಾರಿಸುತ್ತ ಅವರ ಜೊತೆ ತಿರುಗಿದ, ಕಾಲು ತುಳಿದ, ತುಳಿಸಿಕೊಂಡ. ಬೀದಿ, ಬೋರ್ಡು, ಕಂಬ, ಆಕಾಶ ಎಲ್ಲವೂ ಗಿರಗಿರ ತಿರುಗಿದವು. ಎದುರಿನ ಮುಖ ಮಾತ್ರ ತಿರುಗಲಿಲ್ಲ. ಅದು ಇಪ್ಪತ್ತು ವರ್ಷದ ಹುಡುಗನ ಮುಖ, ಕಣ್ಣಿಂದ ನೀರು ಸುರಿಯುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ.

ವಾಚನಾಲಯದಿಂದ ಜನ ಹೊರಗೆ ಬಂದರು. ಬೀಗರಿಬ್ಬರೂ ರಾಜಿಯಾಗಿ ಕುಣಿಯುತ್ತಿದ್ದಾರೆಂದು ಅವರಿಗೆ ಆನಂದವೋ ಆನಂದ. ಕಾರ್ಯದರ್ಶಿ ಗಂಟೆ ಬಾರಿಸಿದರು, ಟೀಚರಮ್ಮ ಕೊಡೆಯಿಂದ ನೆಲ ಕುಟ್ಟಿದರು, ಇಡೀ ಬೀದಿ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟತೊಡಗಿತು.

"ತಟ್ಟಬೇಡಿ" ಎಂದ ಹೌದಪ್ಪ.

ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ಒಂದು ಕೈಯಲ್ಲಿ ಬೀಗರನ್ನು ಹಿಡಿದುಕೊಂಡೇ ಇನ್ನೊಂದು ಕೈ ಚಾಚಿದ. ಮೊದಲು ಸಿಕ್ಕಿದ್ದು ಹೆಂಡತಿಯ ಕೈ. ಅದನ್ನು ತಟ್ಟದಂತೆ ಗಟ್ಟಿಯಾಗಿ ಹಿಡಿದುಕೊಂಡ.